ಕತ್ತಲ ಸೀಸೆಯಲ್ಲಿ ನೂರಕ್ಕೆ ಹನ್ನೊಂದು

ಒಂದು ಜುಲೈ ತಿಂಗಳ ನಡುಮಧ್ಯಾಹ್ನ ನಾನು ಸೂರ್ಯನನ್ನು ಎರಡು ಬೆರಳಿನಷ್ಟು ಪೂರ್ವಕ್ಕೆ ಸರಿಸಿದ್ದೇನೆ. ರಸಾಯನ ವಿಜ್ಞಾನಿ ಡಾಕ್ಟರ್ ಮಿರೆಲ್ಲಾ ತುನ್ಯೋಲಿಯವರು ತಾರಸಿಯಲ್ಲಿಟ್ಟಿದ್ದ ಸೀಸೆಗಳ ಮೇಲೆ ಪಕ್ಕದ ಕಟ್ಟಡದ ಚಿಮಣಿಯ ನೆರಳು ಬೀಳುತ್ತಿತ್ತು. ಚಿಮಣಿ ಸರಿಸಬೇಕಾದರೆ ನಗರಸಭೆಯ ಅಪ್ಪಣೆ ಬೇಕು, ಮೂರು ಪ್ರತಿ ಅರ್ಜಿ ಬೇಕು. ಸೂರ್ಯನಿಗೆ ಅದೇನೂ ಬೇಕಿಲ್ಲ, ಗದರಿಸಿದರೆ ಸಾಕು. ಬೊಲೋನ್ಯದ ಜನ ಅವತ್ತು ಹತ್ತು ನಿಮಿಷ ತಡವಾಗಿ ಊಟಕ್ಕೆ ಕೂತರು, ಯಾಕೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ. ನಾನು ನೇರಿಯೊ ಬೆರ್ಗೊಂಜೋನಿ, ಈ ಊರಿನ ಒಂದು ರಸಾಯನ ಪ್ರಯೋಗಶಾಲೆಯಲ್ಲಿ ಮೂವತ್ತಾರು ವರ್ಷ ಗಾಜು ಊದಿದವನು. ನಾನು ಊದಿದ ಸೀಸೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಸಾಲು ವೆನಿಸ್ ಮುಟ್ಟಿ, ಅಲ್ಲಿನ ಗಾಜಿನವರು ನಾಚಿ ತಲೆ ತಗ್ಗಿಸಿದ ಮೇಲೆ ವಾಪಸು ಬರುತ್ತದೆ. ಒಂದು ಸೀಸೆಯಂತೂ ಎಷ್ಟು ತೆಳುವಾಗಿತ್ತೆಂದರೆ, ಮೇಜಿನ ಮೇಲಿಟ್ಟು ಕಣ್ಣು ತೆಗೆದದ್ದೇ ತಪ್ಪಾಯಿತು, ಅದನ್ನು ಮತ್ತೆ ಹುಡುಕಲು ಮೂರು ದಿನ ಹಿಡಿಯಿತು. ಇಂಥವನ ಕೈ ಇವತ್ತು ಬೆಳಿಗ್ಗೆ ತಪ್ಪಿತು.

ಒಂಬತ್ತು ಗಂಟೆಗೆ ಫೋನು ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಹಿಟ್ಟಿನ ಹಾಳೆ ಹರಡಿಕೊಂಡು ಟೊರ್ಟೆಲ್ಲಿನಿ ಎಂಬ ಪುಟಾಣಿ ಕಡುಬು ಮಡಿಸುತ್ತಿದ್ದೆ. ನನ್ನ ಟೊರ್ಟೆಲ್ಲಿನಿ ಒಂದು ಚಮಚಕ್ಕೆ ನಲವತ್ತು ಹಿಡಿಯುತ್ತವೆ. ಹೆಂಡತಿ ಆರು ಎನ್ನುತ್ತಾಳೆ, ಅವಳಿಗೆ ಎಣಿಸಲು ಬರುವುದಿಲ್ಲ.

"ನೇರಿಯೊ, ಇವತ್ತು ತಾರಸಿಗೆ ಬರ್ತೀರಾ?" ಮಿರೆಲ್ಲಾ ಅವರ ದನಿ. ಯಾವಾಗಲೂ ಹಾಗೆ, ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

"ನಾನು ರಿಟೈರ್ ಆಗಿ ಎರಡು ವರ್ಷ ಆಯ್ತಲ್ಲ ಡಾಕ್ಟ್ರೇ. ಸೂರ್ಯ ಈಗ ನನ್ನ ಮಾತು ಕೇಳ್ತಾನೋ ಇಲ್ವೋ."

"ಸೂರ್ಯ ಬೇಡ, ನೀವು ಬೇಕು. ಆ ಎಂಬತ್ತೆಂಟನೇ ಇಸವಿ ಕತ್ತಲ ಸೀಸೆ ವಿಷಯ. ಶುಕ್ರವಾರ ನನ್ನ ಕೊನೇ ಉಪನ್ಯಾಸ ಅಲ್ವಾ. ಅಷ್ಟರೊಳಗೆ ಒಂದು ಮಾತು ನಿಮ್ಮ ಬಾಯಿಂದ ಕೇಳ್ಬೇಕು."

ಫೋನಿಟ್ಟು ನೋಡಿದರೆ ನನ್ನ ಹೆಬ್ಬೆರಳು ಹಿಟ್ಟಿನ ಹಾಳೆಯನ್ನು ತೂರಿಕೊಂಡು ಮೇಜಿನ ಮರ ಮುಟ್ಟಿತ್ತು. "ಯಾರು ಹೋದ್ರು?" ಎಂದಳು ಹೆಂಡತಿ. ಯಾರೂ ಇಲ್ಲ ಎಂದೆ. "ಮತ್ತೆ ಮುಖ ಯಾಕೆ ಹಳಸಿದ ಸಾರಿನ ಥರ ಆಗಿದೆ?" ನಾನು ಟೋಪಿ ತೆಗೆದುಕೊಂಡು ಹೊರಬಿದ್ದೆ.

ನಮ್ಮ ಬೀದಿಗಳ ಕಮಾನು ಚಾವಣಿಯ ಕೆಳಗೆ ನಡೆಯುವವನ ಮೇಲೆ ಬಿಸಿಲು ಒಂದೇ ಸಮನೆ ಬೀಳುವುದಿಲ್ಲ. ಒಂದು ಕಂಬ, ನೆರಳು, ಒಂದು ಕಮಾನು, ಬಿಸಿಲು, ಮತ್ತೆ ಕಂಬ. ಅರವತ್ತನಾಲ್ಕು ವರ್ಷದಿಂದ ಇದೇ ದಾರಿಯಲ್ಲಿ ನಡೆದವನಿಗೆ ಇವತ್ತೇ ಮೊದಲ ಸಲ, ಯಾರೋ ನನ್ನ ಮೇಲಿನ ಮುಸುಕನ್ನು ತೆಗೆದು ನೋಡಿ, ಮುಚ್ಚಿ, ಮತ್ತೆ ತೆಗೆದು ನೋಡುತ್ತಿದ್ದಾರೆ ಅನ್ನಿಸಿತು. ಬೇಗ ನಡೆದೆ. ಬೇಗ ನಡೆದರೆ ನೋಡುವವರಿಗೆ ಹೊತ್ತು ಸಾಲುವುದಿಲ್ಲ. ಆದರೆ ಎಷ್ಟು ಹೊತ್ತು ನೋಡಿದರೆ ಸಾಕು? ಈ ಪ್ರಶ್ನೆ ನನ್ನದಲ್ಲ, ಮಿರೆಲ್ಲಾ ಅವರದು. ಅವರ ತಲೆಯಲ್ಲಿ ಇಂಥ ಪ್ರಶ್ನೆಗಳ ಹೊರತು ಬೇರೇನೂ ಇರಲಿಲ್ಲ. ಮಳೆ ಬಂದರೆ ಕೊಡೆ ಬಿಡಿಸುವುದನ್ನು ಯಾರಾದರೂ ನೆನಪಿಸಬೇಕಿತ್ತು. ಅವರು ಆರು ವರ್ಷದವರಿದ್ದಾಗ ಬೆಟ್ಟದ ಹಳ್ಳಿಯ ಅಜ್ಜಿಯ ಹಿತ್ತಲಲ್ಲಿ ನಡುಬಿಸಿಲಲ್ಲಿ ಅಂಜೂರ ಕಿತ್ತು, ತೊಟ್ಟಿನ ಹಾಲು ಮೊಣಕೈವರೆಗೆ ಹರಿಸಿಕೊಂಡರಂತೆ. ಮರುದಿನ ಹಾಲು ಹರಿದಲ್ಲೆಲ್ಲ ಬೊಬ್ಬೆ, ಆಮೇಲೆ ಕಂದು ಪಟ್ಟೆ. ಸಂಜೆ ಕಿತ್ತ ಅಕ್ಕನಿಗೆ ಏನೂ ಆಗಲಿಲ್ಲ. ಅಜ್ಜಿ ಹೇಳಿದಳಂತೆ, ಬಿಸಿಲು ಹಾಲನ್ನು ನೆಕ್ಕುತ್ತದೆ ಮಗಳೇ, ನಾಲಿಗೆ ಚುರುಕು ಅದಕ್ಕೆ. ಬೇರೆ ಮಗುವಾಗಿದ್ದರೆ ಅತ್ತು ಸುಮ್ಮನಾಗುತ್ತಿತ್ತು. ಇವರು ಕೇಳಿದರಂತೆ: "ಬಿಸಿಲು ಬರದೇ ಇದ್ರೆ ಹಾಲು ಏನ್ ಮಾಡ್ಕೊಂಡಿರುತ್ತೆ ಅಜ್ಜಿ?" ಆ ಒಂದು ಪ್ರಶ್ನೆಗೆ ಒಂದು ಜನ್ಮ ಹೋಯಿತು. ಅದರಲ್ಲಿ ಇಪ್ಪತ್ತೆಂಟು ವರ್ಷ ನನ್ನಿಂದ ಹೋಯಿತು ಎಂದು ಹೇಳುವವರು ಯಾರೂ ಇಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ.

ದ್ಯುತಿರಸಾಯನ ಎಂದು ಅದಕ್ಕೆ ದೊಡ್ಡ ಹೆಸರು. ನಾನು ತಿಳಿದುಕೊಂಡದ್ದು ಇಷ್ಟು: ಕೆಲವು ವಸ್ತುಗಳು ಬೆಂಕಿಗೆ ಬಗ್ಗುವುದಿಲ್ಲ, ಬೆಳಕಿಗೆ ಬಗ್ಗುತ್ತವೆ. ಅಂಜೂರದ ಹಾಲಿನಿಂದ ಮಿರೆಲ್ಲಾ ಒಂದು ಬಿಳಿ ಪುಡಿ ತೆಗೆದಿದ್ದರು. ಅದನ್ನು ದ್ರವದಲ್ಲಿ ಕರಗಿಸಿ ಬೆಳಕಿಗೆ ಹಿಡಿದರೆ, ಅದರ ಎರಡು ಕಣಗಳು ಎದುರುಬದುರು ನಿಂತು, ನಾಲ್ಕು ಕೈ ಜೋಡಿಸಿ, ಚೌಕದ ಉಂಗುರವೊಂದನ್ನು ಕಟ್ಟುತ್ತವೆ. ಯಾರೂ ಅಂಥ ಉಂಗುರವನ್ನು ಆ ರೀತಿಯಲ್ಲಿ ಕಟ್ಟಿರಲಿಲ್ಲ. ಕೆಳಗಿನ ಮಹಡಿಯವರೆಲ್ಲ ದೀಪ ಹಚ್ಚಿ ಕೆಲಸ ಮಾಡುತ್ತಿದ್ದರು. ಇವರಿಗೆ ದೀಪ ಸಾಲದು. "ದೀಪ ಹೇಳಿದ್ದನ್ನ ಸೂರ್ಯನ ಹತ್ರಾನೂ ಒಂದು ಮಾತು ಕೇಳ್ಬೇಕು ನೇರಿಯೊ," ಎನ್ನುತ್ತಿದ್ದರು, ಸೂರ್ಯ ಪಕ್ಕದ ಮನೆಯ ಹಿರಿಯನೋ ಎಂಬಂತೆ. ನಮ್ಮ ತಾರಸಿಯ ಪದ್ಧತಿ ಹಳೆಯದು: ಸೀಸೆಯ ಕುತ್ತಿಗೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಬೇಕು, ನಲವತ್ತು ದಿನ ಬಿಸಿಲಿಗಿಡಬೇಕು, ನಡುವೆ ತೆರೆಯಬಾರದು. ಬಿಸಿಲಿನ ಸೀಸೆಯ ಪಕ್ಕದಲ್ಲೇ ಅದರ ಅವಳಿ, ಕತ್ತಲ ಸೀಸೆ: ಅದೇ ಪುಡಿ, ಅದೇ ದ್ರವ, ಅದೇ ಸೆಕೆ, ಬೆಳಕು ಮಾತ್ರ ಇಲ್ಲ. ಬಿಸಿಲಿನದರಲ್ಲಿ ಉಂಗುರ ಹುಟ್ಟಿ, ಕತ್ತಲಿನದರಲ್ಲಿ ಹುಟ್ಟದಿದ್ದರೆ ಮಾತ್ರ ಅದು ಬೆಳಕಿನ ಕೆಲಸ. ಆ ಅವಳಿಗೆ ಮಿರೆಲ್ಲಾ ತಮ್ಮ ಹಳೆಯ ಕೋಟು ಬಿಚ್ಚಿ ಎರಡು ಪದರದ ಕರಿಯ ಚೀಲ ಹೊಲಿದಿದ್ದರು, ಬಾಯಿಗೆ ದಾರ. "ಬಿಸಿಲಿಂದನ್ನ ಬೆಳಿಗ್ಗೆ ಸಂಜೆ ತಿರುಗಿಸಿ. ಇದನ್ನ ಮಾತ್ರ ಮುಟ್ಬೇಡಿ," ಎಂದು ಹೇಳಿ, ಎಂಬತ್ತೆಂಟರ ಜುಲೈ ಹತ್ತಕ್ಕೆ, ಕಾಲು ಮುರಿದುಕೊಂಡಿದ್ದ ತಾಯಿಯನ್ನು ನೋಡಿಕೊಳ್ಳಲು ಬೆಟ್ಟಕ್ಕೆ ಹೋದರು. ಅವರಿಗೆ ಆಗ ಮೂವತ್ತೇಳು. ಲೇಖನ ಮುಕ್ಕಾಲು ಬರೆದಾಗಿತ್ತು. ಚಳಿಗಾಲದಲ್ಲಿ ಪ್ರೊಫೆಸರ್ ಹುದ್ದೆಗೆ ಸ್ಪರ್ಧೆ, ಆ ಲೇಖನವೊಂದಿದ್ದರೆ ಗೆದ್ದ ಹಾಗೆ ಎಂದು ಮೆಟ್ಟಿಲು ಗುಡಿಸುವವಳಿಗೂ ಗೊತ್ತಿತ್ತು.

ನಾನು ಆ ನಲವತ್ತು ದಿನ ತಾರಸಿ ಬಿಟ್ಟು ಕದಲಲಿಲ್ಲ. ಅಲ್ಲೇ ಉಂಡೆ, ಅಲ್ಲೇ ಮಲಗಿದೆ. ಒಂದು ಪಾರಿವಾಳ ನನ್ನ ಟೋಪಿಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿತು, ಅಷ್ಟು ಕದಲಲಿಲ್ಲ. ಆಯಿತು, ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚಿಡುವುದೇನು. ಒಂದು ಸಲ ನೋಡಿದೆ. ಒಂದೇ ಸಲ. ಕತ್ತಲಲ್ಲಿ ಅದು ಏನು ಮಾಡುತ್ತಿರಬಹುದು ಎಂದು ತಿಳಿಯುವ ಆಸೆ, ಆ ಹುಡುಗಿ ಅಜ್ಜಿಯನ್ನು ಕೇಳಿದಾಗ ಇದ್ದದ್ದೇ ಆಸೆ. ವಿಜ್ಞಾನದ ಆಸೆಯಲ್ಲದೆ ಮತ್ತೇನು? ದಾರ ಸಡಿಲಿಸಿ ಚೀಲವನ್ನು ಕೆಳಗೆ ಜಾರಿಸಿದೆ. ಒಳಗೆ ನೀರಿನಂಥ ದ್ರವ, ನಾನು ಊದಿದ ಗಾಜು, ಗಾಜಿನಲ್ಲಿ ತಲೆಕೆಳಗಾಗಿ ಇಡೀ ಊರಿನ ಕೆಂಪು ಹೆಂಚು. ಅರ್ಧ ರೆಪ್ಪೆ ಬಡಿಯುವಷ್ಟು ಹೊತ್ತು. ತಕ್ಷಣ ಮುಚ್ಚಿದೆ. ಅರ್ಧ ರೆಪ್ಪೆಗೆ ಲೋಕ ಮುಳುಗುತ್ತದೆಯೇ?

ಬಿಸಿಲಿನ ಸೀಸೆಯಲ್ಲಿ ನೂರಕ್ಕೆ ಮೂವತ್ತೆಂಟು ಪಾಲು ಉಂಗುರ. ಕತ್ತಲ ಸೀಸೆಯಲ್ಲಿ ಹನ್ನೊಂದು. ಸೊನ್ನೆ ಇರಬೇಕಾದಲ್ಲಿ ಹನ್ನೊಂದು. ಮಿರೆಲ್ಲಾ ಮೂರು ಸಲ ಅಳೆದರು. ಆಮೇಲೆ ನನ್ನ ಕುಲುಮೆಯ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಖಾಲಿ ಚೀಲ. "ಯಾರಾದ್ರೂ ಮುಟ್ಟಿದ್ರಾ ನೇರಿಯೊ?" ನನ್ನ ಬಾಯಲ್ಲಿ ಊದುಗೊಳವೆ ಇತ್ತು, ತುದಿಯಲ್ಲಿ ಕೆಂಡದಂಥ ಗಾಜಿನ ಗುಳ್ಳೆ. ಕೊಳವೆ ತೆಗೆದು ಹೇಳಿದೆ, "ನೊಣ ಕೂಡ ಮುಟ್ಟಿಲ್ಲ ಡಾಕ್ಟ್ರೇ. ನನ್ನ ತಾಯಾಣೆ." ಆ ಗುಳ್ಳೆ ಕುಸಿದು ಚಪ್ಪಟೆಯಾದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಅವರು ನಕ್ಕರು. "ನೀವು ಎಲ್ಲದ್ರಲ್ಲೂ ಬುರುಡೆ ಬಿಡ್ತೀರಿ. ಗಾಜಿನ ವಿಷಯದಲ್ಲಿ ಬಿಡಲ್ಲ. ಅಷ್ಟು ಸಾಕು ನಂಗೆ." ಯಾರಾದರೂ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ಅವರು ಲೇಖನವನ್ನು ತಾವೇ ಕೈಬಿಟ್ಟರು. ಯಾರೂ ಕೇಳಿರಲಿಲ್ಲ, ಆ ಹನ್ನೊಂದನ್ನು ಬರೆಯದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ವಿಭಾಗದ ಸಭೆಯಲ್ಲಿ ಎದ್ದು ನಿಂತು, ಬೆಳಕಿಲ್ಲದೆಯೂ ಈ ಉಂಗುರ ಆಗುತ್ತಿದೆ, ಯಾಕೆಂದು ನನಗೆ ಗೊತ್ತಿಲ್ಲ ಎಂದರು. ಮುಖ್ಯಸ್ಥರಾಗಿದ್ದ ಬಲ್ಬೋನಿ ಕನ್ನಡಕ ಒರೆಸಿಕೊಳ್ಳುತ್ತ, "ತುನ್ಯೋಲಿ ಮೇಡಂ ಒಳ್ಳೇ ಅಡುಗೆ ಮಾಡ್ತಾರೆ ಅಂತ ಕೇಳಿದ್ದೆ. ಅಡುಗೆಗೆ ಶಾಖ ಸಾಕಲ್ವಾ, ಬೆಳಕು ಯಾಕೆ?" ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ನಾನೂ ನಕ್ಕೆ. ಸುಮ್ಮನಿದ್ದರೆ ಯಾರಾದರೂ ನನ್ನ ಕಡೆ ನೋಡಿಯಾರು ಎಂದು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವರು ತಿರುಗಿ ನೋಡಲಿಲ್ಲ. ಬೋರ್ಡಿನ ಮೇಲಿನ ಹನ್ನೊಂದನ್ನು ನೋಡುತ್ತಿದ್ದರು, ಯಾವುದೋ ಹಕ್ಕಿ ಕಿಟಕಿಯಲ್ಲಿ ಕೂತಿದೆ ಎಂಬಂತೆ.

ಹುದ್ದೆ ಬಲ್ಬೋನಿಯ ಕಡೆಯವರೊಬ್ಬರಿಗೆ ಹೋಯಿತು. ಮಿರೆಲ್ಲಾ ಸಂಶೋಧಕಿಯಾಗಿಯೇ ಉಳಿದರು. ನಾನು ಕಾಯುತ್ತಿದ್ದೆ, ಅವರು ಅಳಲಿ, ಕೂಗಾಡಲಿ, ನನಗೂ ಹೇಳಲು ಒಂದು ಸಂದು ಸಿಗಲಿ ಎಂದು. ಸಿಗಲಿಲ್ಲ, ಯಾಕೆಂದರೆ ಅವರಿಗೆ ಕುತೂಹಲ ಹತ್ತಿತ್ತು. ಕುತೂಹಲ ಹತ್ತಿದವರು ದುಃಖಪಡುವುದನ್ನು ಮರೆತುಬಿಡುತ್ತಾರೆ, ಅದು ಪಕ್ಕದಲ್ಲಿ ಇರುವವನಿಗೆ ದೊಡ್ಡ ಶಿಕ್ಷೆ. ಮುಂದಿನ ಬೇಸಿಗೆ ಮತ್ತೆ ಇಟ್ಟರು: ಕತ್ತಲಲ್ಲಿ ಸೊನ್ನೆ. ಅದರ ಮುಂದಿನ ಬೇಸಿಗೆ: ಸೊನ್ನೆ. "ಹನ್ನೊಂದು ಒಂದು ಸಲ ಆಗಿದೆ ಅಂದ್ರೆ ಆಗಿದೆ. ನಂಗೆ ಇಷ್ಟ ಇಲ್ಲ ಅಂತ ಅದು ಸೊನ್ನೆ ಆಗಲ್ಲ," ಎಂದರು. ಸೆಕೆ ಇರಬಹುದೇ? ಅಲ್ಲ. ಪುಡಿಯಲ್ಲಿ ಕಲಬೆರಕೆ? ಅಲ್ಲ. ಕೊನೆಗೆ, ಸಂಕೋಚದಿಂದ, ಕುಲುಮೆಯ ಕೋಣೆಗೆ ಬಂದರು. ಆ ಒಂದು ಸೀಸೆಯ ಗಾಜಿನಲ್ಲಿಯೇ ಏನಾದರೂ ಇತ್ತೇ? ನನ್ನ ಗಾಜಿನಲ್ಲಿ! ನನ್ನ ಗಾಜಿನ ಬಗ್ಗೆ ಬೇರೆ ಯಾರಾದರೂ ಆ ಮಾತಾಡಿದ್ದರೆ ಕಾಯಿಸಿದ ಕೊಳವೆ ಹಿಡಿದು ಊರಾಚೆವರೆಗೆ ಅಟ್ಟುತ್ತಿದ್ದೆ. ಅವತ್ತು ತಲೆ ತಗ್ಗಿಸಿ, "ಇರಬಹುದು ಡಾಕ್ಟ್ರೇ," ಎಂದೆ. ಆಮೇಲಿನ ವರ್ಷಗಳಲ್ಲಿ ಅವರಿಗಾಗಿ ಎಷ್ಟೋ ಬಗೆಯ ಗಾಜಿನಲ್ಲಿ, ನಾಲ್ಕು ಸಾವಿರ ಸೀಸೆ ಊದಿದೆ. ನಲವತ್ತು. ನಲವತ್ತು ಊದಿದೆ. ಒಂದೊಂದನ್ನು ಊದುವಾಗಲೂ ಗೊತ್ತಿತ್ತು, ಇದರಲ್ಲಿ ಏನೂ ಇಲ್ಲ, ನನ್ನ ಉಸಿರು ಬಿಟ್ಟರೆ. ಅವರು ಬೇರೆ ಕೆಲಸಗಳನ್ನೂ ಮಾಡಿದರು, ಬಣ್ಣ ಮಾಸುವುದರ ಬಗ್ಗೆ, ಔಷಧ ಬಿಸಿಲಿಗೆ ಕೆಡುವುದರ ಬಗ್ಗೆ. ಸಣ್ಣ ಸಣ್ಣ ಲೇಖನ ಬರೆದರು. ವಿದ್ಯಾರ್ಥಿಗಳು ಬಂದರು, ಕಲಿತರು, ಇವರನ್ನು ದಾಟಿ ಮೇಲೇರಿದರು. ಆದರೂ ಪ್ರತಿ ಜೂನ್ ತಿಂಗಳಲ್ಲಿ ತಾರಸಿಯ ಮೇಲೆ ಒಂದು ಜೋಡಿ ಸೀಸೆ. ಕಾರಿಡಾರಿನಲ್ಲಿ ಹುಡುಗರು, "ತುನ್ಯೋಲಿ ಅಜ್ಜಿ ಉಪ್ಪಿನಕಾಯಿ ಹಾಕಿದ್ರಾ?" ಎನ್ನುತ್ತಿದ್ದರು.

ಇವತ್ತು ತಾರಸಿಗೆ ಮೆಟ್ಟಿಲು ನಾಲ್ಕು ನೂರು. ನನ್ನ ಮೊಣಕಾಲಿನ ಲೆಕ್ಕದಲ್ಲಿ. ಮೇಲಿನ ಬಾಗಿಲು ತೆರೆದವಳು ನೊಯೆಮಿ, ಮಿರೆಲ್ಲಾ ಅವರ ಕೊನೆಯ ವಿದ್ಯಾರ್ಥಿನಿ, ಮೂಗಿನ ಮೇಲೆ ಬಿಸಿಲು ಸುಟ್ಟ ಸಿಪ್ಪೆ. "ಓ, ನೀವೇನಾ ನೇರಿಯೊ? ನಿಮ್ಮ ಕಥೆಗಳು ನನಗಿಂತ ಹಳೇವು," ಎಂದಳು. ಒಳ್ಳೆಯ ಹುಡುಗಿ ಅನ್ನಿಸಿತು, ಒಳ್ಳೆಯವರ ಕಣ್ಣಿಗೆ ಹೆದರಬೇಕಾಗುತ್ತದೆ. ಮಿರೆಲ್ಲಾ ಹುಲ್ಲಿನ ಟೋಪಿ ಹಾಕಿಕೊಂಡು, ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದರು. ಮುಂದೆ ಸಾಲಾಗಿ ಆರು ಕರಿಯ ಚೀಲ.

"ಕೂತ್ಕೊಳ್ಳಿ. ಮೊದಲು ನೊಯೆಮಿ ಹೇಳ್ಲಿ."

ನೊಯೆಮಿ ಹೇಳಿದಳು, ಗಾಡಿ ತಪ್ಪುತ್ತದೆ ಎಂಬ ಅವಸರದಲ್ಲಿ. ಹೋದ ವರ್ಷ ಎರಡು ಕತ್ತಲ ಸೀಸೆ ಇಟ್ಟಿದ್ದಳು. ಯಾವುದು ಯಾವುದೆಂದು ಮರೆತು, ಒಂದು ಮಧ್ಯಾಹ್ನ ಒಂದರ ಚೀಲ ಸರಿಸಿ ಗಾಜಿಗೆ ಅಂಟಿಸಿದ್ದ ಚೀಟಿ ಓದಿದಳು. ಒಂದು ನಿಮಿಷ ಹಿಡಿಯಿತು, ಅದನ್ನು ಪುಸ್ತಕದಲ್ಲಿ ಬರೆದಿಟ್ಟಳು. ಕೊನೆಯಲ್ಲಿ ಅಳೆದರೆ ಒಂದರಲ್ಲಿ ಸೊನ್ನೆ, ಓದಿದ್ದರಲ್ಲಿ ನೂರಕ್ಕೆ ಒಂದೂ ಅಲ್ಲ, ಅರ್ಧ ಪಾಲು. ಈ ವರ್ಷ ಬೇಕೆಂದೇ ಮಾಡಿದಳು: ಎರಡು ನಿಮಿಷ ತೆಗೆದಿಟ್ಟದ್ದರಲ್ಲಿ ಒಂದು. ನಾಲ್ಕು ನಿಮಿಷಕ್ಕೆ ಎರಡು. ಹತ್ತಕ್ಕೆ ಐದು.

"ಗೆರೆ ಎಳೆದ ಹಾಗೆ," ಎಂದಳು. "ಹಂಗಿದ್ಮೇಲೆ ಹನ್ನೊಂದು ಅಂದ್ರೆ ಇಪ್ಪತ್ತೆರಡು ನಿಮಿಷ. ಗಾಜೂ ಇಲ್ಲ ಗೀಜೂ ಇಲ್ಲ. ಯಾರೋ ಚೀಲ ತೆಗೆದಿದ್ದಾರೆ."

"ಹಾಗಾಗಿರಲ್ಲ ಅಂತ ನಾನಂದೆ," ಎಂದರು ಮಿರೆಲ್ಲಾ. ದನಿಯಲ್ಲಿ ಅನುಮಾನದ ಎಳೆ ಕೂಡ ಇಲ್ಲ, ಅದೇ ನನ್ನನ್ನು ಕೊಂದದ್ದು. "ಆ ನಲವತ್ತು ದಿನ ತಾರಸಿಲಿ ನೇರಿಯೊ ಇದ್ರು. ಶುಕ್ರವಾರ ನಾನು ಎಲ್ಲರ ಮುಂದೆ ನಿಂತು ಆ ಸೀಸೆಗೆ ಏನಾಯ್ತು ಅಂತ ಹೇಳ್ಬೇಕು. ಎರಡೇ ದಾರಿ ಉಳಿದಿರೋದು. ಇಲ್ಲಾ ನಿಮ್ಮ ಗಾಜು ಅನ್ಬೇಕು, ಇಲ್ಲಾ ಇವಳು ಹೇಳೋದನ್ನ ಹೇಳ್ಬೇಕು. ನಿಮ್ಮ ಗಾಜು ಅಂತ ಹೇಳೋದಾದ್ರೆ ನಿಮ್ಮನ್ನ ಕೇಳದೆ ಹೇಳಲ್ಲ."

ಎದುರು ಹೆಂಚುಗಳ ಮೇಲೆ ಬಿಸಿಲು ನಡುಗುತ್ತಿತ್ತು. ಹೂಂ ಎಂದರೆ ಮುಗಿಯಿತು. ನನ್ನ ಗಾಜಿಗೆ ಒಂದು ಕಲೆ. ಇಪ್ಪತ್ತೆಂಟು ವರ್ಷ ಹೊತ್ತ ಕಲೆಯನ್ನು ಇನ್ನೊಂದಿಷ್ಟು ದಿನ ಹೊರಬಹುದು. ಆದರೆ ಅವರು ಶುಕ್ರವಾರ ತಮ್ಮ ಕೊನೆಯ ಮಾತಾಗಿ ಒಂದು ಸುಳ್ಳನ್ನು, ಸುಳ್ಳೆಂದು ತಿಳಿಯದೆ, ಆ ಸಭೆಯಲ್ಲಿ ಹೇಳುತ್ತಾರೆ. ಹುಡುಗಿ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾಳೆ. ಹಿಂದಿನ ಸಾಲಿನಲ್ಲಿ ನಾನು.

"ಒಂದು ಸಲ ನೋಡಿದ್ದೆ ಡಾಕ್ಟ್ರೇ," ಎಂದೆ. "ಒಂದೇ ಸಲ. ಅರ್ಧ ರೆಪ್ಪೆ ಬಡಿಯೋಷ್ಟು. ಕುತೂಹಲಕ್ಕೆ."

"ರೆಪ್ಪೆಗೆ ಸೊನ್ನೆ," ಎಂದಳು ನೊಯೆಮಿ. "ಅದನ್ನೂ ಅಳೆದಿದ್ದೀನಿ."

ಇಂಥ ಹುಡುಗಿಯ ಮುಂದೆ ಮಾತಾಡುವುದು ತಕ್ಕಡಿಯ ಮುಂದೆ ನಿಂತು ನಾನು ಸಣ್ಣಗಿದ್ದೇನೆ ಎಂದ ಹಾಗೆ. ಮಿರೆಲ್ಲಾ ಟೋಪಿ ತೆಗೆದರು. ಬಹಳ ಹೊತ್ತು ನನ್ನನ್ನು ನೋಡಿದರು. ಬೋರ್ಡಿನ ಮೇಲಿನ ಹನ್ನೊಂದನ್ನು ಅವತ್ತು ನೋಡಿದ್ದೂ ಹೀಗೆಯೇ.

"ನೇರಿಯೊ. ಎಷ್ಟು ಸಲ ತೆಗೆದೆ?"

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅದು ಸಿಟ್ಟೋ ಸಲಿಗೆಯೋ ತಿಳಿಯಲಿಲ್ಲ.

ಹೇಳಿದೆ. ಆಗಸ್ಟ್ ತಿಂಗಳು ಊರೆಲ್ಲ ರಜೆಗೆಂದು ಸಮುದ್ರದ ದಂಡೆಗೆ ಹೋಗಿತ್ತು. ಉಳಿದವರು ನಾವು ಕೆಲವರು, ಎರ್ಮೆಸ್ ಎಂಬವನ ಬಾರಿನಲ್ಲಿ ತಣ್ಣನೆ ಕಾಫಿ ಕುಡಿಯುತ್ತ ಕೂತವರು. ಕೈ ಹಿಂದೆ ಕಟ್ಟಿಕೊಂಡು ರಸ್ತೆ ಅಗೆಯುವುದನ್ನು ನೋಡುತ್ತ, "ಅಗಲ ಸಾಲದು, ಆಳ ಸಾಲದು" ಎಂದು ಬುದ್ಧಿ ಹೇಳುವ ಮುದುಕರಿಗೆ ಆಗಸ್ಟ್ ಶೋಕದ ತಿಂಗಳು, ಅಗೆಯುವವರಿಗೂ ರಜೆ. ಅವರಿಗೆ ನೋಡಲು ಏನೂ ಇರಲಿಲ್ಲ. ನಾನು ಹೇಳಿದೆ, ನನ್ನ ತಾರಸಿಯ ಮೇಲೆ ಒಂದು ಸೀಸೆ ಇದೆ, ಲೋಕದಲ್ಲಿ ಯಾರೂ ನೋಡದ್ದು. ಎರ್ಮೆಸ್ ಗಲ್ಲಾದಿಂದಲೇ ಕೂಗಿದ: "ನೇರಿಯೊ ಹೇಳಿದ್ರಲ್ಲಿ ಅರ್ಧ ಬಿಡಿ, ಉಳಿದಿದ್ರಲ್ಲಿ ಅರ್ಧ ಬಿಡಿ, ಆಮೇಲೂ ಏನಾದ್ರೂ ಉಳಿದ್ರೆ ಅವನ ಹೆಂಡ್ತೀನ ಕೇಳಿ." ಎಲ್ಲರೂ ನಕ್ಕರು. ಊಟವಾದ ಮೇಲೆ ಒಬ್ಬನನ್ನು ಕರೆದುಕೊಂಡು ಬಂದೆ. ಮರುದಿನ ಇನ್ನೊಬ್ಬ ತಾನೇ ಬಂದ. ಚೀಲ ಜಾರಿಸುತ್ತಿದ್ದೆ, ಅವರು ಕೈ ಹಿಂದೆ ಕಟ್ಟಿ, ಬಾಗಿ, ನೋಡುತ್ತಿದ್ದರು, ತಲೆ ಆಡಿಸುತ್ತಿದ್ದರು.

"ಡಾಕ್ಟ್ರೇ, ಈ ಮನುಷ್ಯ ನಿಮ್ಮ ಜೀವನಾನೇ..." ನೊಯೆಮಿಯ ಕತ್ತು ಕೆಂಪಾಗಿತ್ತು.

"ಇರಮ್ಮ. ಬೈಯೋದು ಇದ್ದೇ ಇದೆ. ಮೊದಲು ಅಂಕಿ ಬರ್ಲಿ." ಮಿರೆಲ್ಲಾ ಪೆನ್ಸಿಲ್ ತೆಗೆದಿದ್ದರು. "ಎಷ್ಟು ಗಂಟೆಗೆ?"

"ಎರಡು, ಎರಡೂವರೆ."

"ಮೋಡ?"

"ಒಂದು ಎಳೆಯೂ ಇಲ್ಲ."

"ಒಬ್ಬೊಬ್ಬರಿಗೆ ಎಷ್ಟು ಹೊತ್ತು? ಬುರುಡೆ ಬೇಡ."

"ಎರಡು ನಿಮಿಷ. ನನ್ನ ಭಾಷಣ ಅಷ್ಟು ಉದ್ದ ಇತ್ತು."

ಅವರು ಬರೆದುಕೊಂಡರು. ಆಮೇಲೆ ಪೆನ್ಸಿಲ್ ನಿಂತಿತು. "ಇಷ್ಟು ಸ್ವಲ್ಪ ಹೊತ್ತಿಗೆ ಹನ್ನೊಂದು. ನಲವತ್ತು ದಿನಕ್ಕೆ ಮೂವತ್ತೆಂಟು. ನೊಯೆಮಿ, ನೋಡಿದ್ಯಾ? ಬಿಸಿಲಿನ ಸೀಸೆ ಮೊದಲನೇ ದಿನವೇ ಕೆಲಸ ಮುಗಿಸಿ ಕೂತಿತ್ತು. ಗಾಜಿನ ಒಳಗೋಡೆಗೆ ಕಂದು ಅಂಟು ಹತ್ತಿ ಒಳಗೆ ಬೆಳಕೇ ಹೋಗ್ತಿರಲಿಲ್ಲ. ಉಳಿದ ಮೂವತ್ತೊಂಬತ್ತು ದಿನ ನಾವು ಒಂದು ಕುರುಡು ಸೀಸೆನ ಬೆಳಿಗ್ಗೆ ಸಂಜೆ ತಿರುಗಿಸ್ತಾ ಇದ್ವಿ!" ಅವರು ನಕ್ಕರು, ಆರು ವರ್ಷದ ಹುಡುಗಿಯ ಹಾಗೆ. ನಗು ಎಲ್ಲೋ ಮಧ್ಯದಲ್ಲಿ ನಿಂತುಹೋಯಿತು. "ಇದನ್ನ ನಾನು ಮೂವತ್ತೇಳನೇ ವಯಸ್ಸಲ್ಲಿ ನೋಡ್ಬಹುದಿತ್ತು," ಎಂದು ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, ಹೇಳಿಕೊಂಡರು. ಆಮೇಲೆ ಮತ್ತೆ ಪೆನ್ಸಿಲ್. "ಹೆಸರು ಹೇಳು."

ಹೇಳಿದೆ. ಎರ್ಮೆಸ್. ಲೋರಿಸ್. ಅಂಚೆಯ ವಾಲ್ತೆರ್. ಆದೆಲ್ಮೊ ಮತ್ತು ಅವನ ಭಾವ, ಬೇರೆ ಬೇರೆ ದಿನ. ಕ್ಷೌರದ ಪ್ರಿಮೊ. ಮೂವರು ಮುದುಕರು, ಅವರ ಹೆಸರುಗಳು. ಸಿಗರೇಟಿನಂಗಡಿಯ ಐರಿಸ್. ಮಿರೆಲ್ಲಾ ಒಂದೊಂದಕ್ಕೂ ಒಂದು ಗೆರೆ ಎಳೆದು, ಎಣಿಸಿದರು.

"ಹತ್ತು. ಹತ್ತೆರಡ್ಲಿ ಇಪ್ಪತ್ತು ನಿಮಿಷ, ನೂರಕ್ಕೆ ಹತ್ತು. ಅಳತೆ ಅಷ್ಟೊಂದು ತಪ್ಪಿರಲ್ಲ. ಇನ್ನೊಬ್ಬರು ಯಾರು?"

"ಅಷ್ಟೇ ಡಾಕ್ಟ್ರೇ."

"ಮೂರು ಸಲ ಅಳೆದಿದ್ದೀನಿ ನೇರಿಯೊ."

ಒಂದು ಸಲ ಎಂದು ನಿಮಗೂ ಹೇಳಿದ್ದೆ. ಕುತೂಹಲ ಎಂದಿದ್ದೆ. ಅದು ಅವರದು, ನನ್ನದಲ್ಲ. ಕತ್ತಲಲ್ಲಿ ಆ ದ್ರವ ಏನು ಮಾಡುತ್ತಿದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ತಾರಸಿಯ ಮೇಲೆ ಮಲಗಲೂ ಇಲ್ಲ, ಪಾರಿವಾಳ ಮೊಟ್ಟೆಯಿಡಲೂ ಇಲ್ಲ.

"ಎಲ್ಲರಿಗೂ ಒಂದೇ ಮಾತು ಹೇಳ್ತಿದ್ದೆ," ಎಂದೆ. "ಇದು ನಂದು ಅಂತ. ಪುಡಿ ನಾನು ತೆಗೆದಿದ್ದು, ಉಂಗುರ ನಾನು ಕಂಡುಹಿಡಿದಿದ್ದು, ತುನ್ಯೋಲಿ ಮೇಡಂ ಸೀಸೆ ತೊಳೆಯೋಕೆ ಬರ್ತಾರೆ ಅಂತ. ಅವರು ಕತ್ತು ಆಡಿಸ್ತಿದ್ರು. ನಂಬಿದ್ರೋ ಇಲ್ವೋ, ನಂಗೆ ಗೊತ್ತಿಲ್ಲ. ಆಗಸ್ಟ್ ಹದಿನೈದು, ನಮ್ಮ ಬೇಸಿಗೆ ಹಬ್ಬ. ಬಾರೂ ಮುಚ್ಚಿತ್ತು, ಐರಿಸ್ ಅಂಗಡೀನೂ ಮುಚ್ಚಿತ್ತು, ಬೀದೀಲಿ ಒಂದು ನಾಯೀನೂ ಇರ್ಲಿಲ್ಲ. ಎರಡೂವರೆಗೆ ಮೇಲೆ ಬಂದೆ. ಯಾರೂ ಬರಲ್ಲ ಅಂತ ಗೊತ್ತಿತ್ತು. ಆದ್ರೂ ಚೀಲ ತೆಗೆದೆ. ಇಲ್ಲಿ, ಈ ಪೆಟ್ಟಿಗೆ ಪಕ್ಕ ನಿಂತ್ಕೊಂಡು, ಖಾಲಿ ತಾರಸಿಗೆ ಅಷ್ಟೂ ಭಾಷಣ ಮಾಡ್ದೆ. ಮೊದಲಿಂದ ಕೊನೇವರೆಗೆ. ಒಂದು ಮಾತೂ ಬಿಡ್ಲಿಲ್ಲ."

ಮಿರೆಲ್ಲಾ ಹನ್ನೊಂದನೆಯ ಗೆರೆ ಎಳೆದರು.